ಮೇವಿಸ್ ಮಾತು ನಿಲ್ಲಿಸಿದ ಮಂಗಳವಾರ

ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದು ನನಗಿನ್ನೂ ತಿಳಿದಿಲ್ಲ. ಎಲ್ಲಿಂದ ಆರಂಭಿಸಬಾರದೆಂಬುದು ಮಾತ್ರ ಖಚಿತವಾಗಿ ತಿಳಿದಿದೆ. ನಗೆಯಿಂದ ಆರಂಭಿಸಬಾರದು. ಇಂಗ್ಲಿಷಿನ ನುಡಿಗಟ್ಟುಗಳನ್ನು ತಪ್ಪಾಗಿ ಕೇಳಿಸಿಕೊಂಡು, ಹಾಗೆಯೇ ಆಡಿ, ಹಾಗೆಯೇ ಬರೆಯುವವರ ಕಥೆ ಎಂದೊಡನೆ ಓದುಗರು ತುಟಿಯ ಒಂದು ಮೂಲೆಯನ್ನು ಮೇಲೆತ್ತಿ ಸಿದ್ಧರಾಗಿಬಿಡುತ್ತಾರೆ. ನೀವೂ ಎತ್ತಿದ್ದೀರಿ. ದಯವಿಟ್ಟು ಇಳಿಸಿ. ನಾನು ಕಾಯುತ್ತೇನೆ.

(ಇಳಿಸಿದಿರಾ? ಇಲ್ಲ. ಇರಲಿ, ಮುಂದೆ ಅದು ತಾನಾಗಿಯೇ ಇಳಿಯುತ್ತದೆ.)

ಮೊದಲ ಕರಡು ಹೀಗಿತ್ತು: "ಇಂಗ್ಲೆಂಡಿನ ಡರ್ಬಿಶೈರಿನ ಗುಡ್ಡಗಳ ನಡುವೆ, ಆಲ್ಡರ್‌ಲೋ ಎಂಬ ಊರಿನಲ್ಲಿ, ಮೇವಿಸ್ ಬ್ಯಾಗ್‌ಶಾ ಎಂಬ ಮುದುಕಿಯಿದ್ದಳು. ಆಕೆ ಬಾಯಿ ತೆರೆದಳೆಂದರೆ ಇಂಗ್ಲಿಷ್ ಭಾಷೆಯು ಕಾಲು ಮುರಿದುಕೊಂಡು ಹೊರಬೀಳುತ್ತಿತ್ತು." ಇಷ್ಟು ಬರೆದು ನನ್ನ ಜಾಣತನಕ್ಕೆ ನಾನೇ ತಲೆದೂಗುತ್ತಿರುವಾಗ, ಮೇವಿಸ್ ಸ್ವತಃ ಆ ವಾಕ್ಯದೊಳಗಿನಿಂದ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು.

"ಮುದುಕಿ ಅಂತ ಯಾರಿಗಂದಿದ್ದು?"

"ಅದು, ಕಥೆಯ ಅನುಕೂಲಕ್ಕೆ…"

"ನಿನ್ ಅನುಕೂಲಕ್ಕೆ ನಾನ್ಯಾಕೆ ಮುದುಕಿ ಆಗ್ಲಿ, ಡಕ್? ಕಾಲ್ ಮುರ್ಕೊಂಡ್ ಬೀಳತ್ತಂತೆ! ಈ ಊರಿನ ಮಕ್ಕಳಿಗೆಲ್ಲ 'ಬನ್ನಿ, ತಿನ್ನಿ' ಅಂತ ಕರ್ದಿರೋ ಬಾಯಿ ಇದು. ಸರಿಯಾಗಿ ಬರಿ. ಇಲ್ಲಾಂದ್ರೆ ಎದ್ ಹೋಗು."

(ಈ ಸೀಮೆಯಲ್ಲಿ ಗಂಡನನ್ನೂ, ಬಸ್ಸಿನ ಚಾಲಕನನ್ನೂ, ಮೊದಲ ಸಲ ಕಂಡವನನ್ನೂ 'ಡಕ್' ಎಂದೇ ಕರೆಯುತ್ತಾರೆ, ಬಾತುಕೋಳಿ. ಬೈಯುವಾಗಲೂ ಹಾಗೆಯೇ. ಬೈಗುಳ ಅದರಿಂದ ಮೆತ್ತಗಾಗುವುದಿಲ್ಲ.)

ಕರಡನ್ನು ಹರಿದುಹಾಕಿದೆ.

1

ಮೇವಿಸ್ ಊರ ಶಾಲೆಯ ಅಡುಗೆಮನೆಯಲ್ಲಿದ್ದವಳು. ಒಲೆಗೂ ಮಕ್ಕಳ ಸಾಲಿಗೂ ನಡುವೆ ಒಂದು ಬಡಿಸುವ ಕಿಟಕಿ. ಕಿಟಕಿಯ ಒಳಗೆ ಪಾತ್ರೆಗಳ ಗದ್ದಲ, ಹೊರಗೆ ಮಕ್ಕಳ ಗದ್ದಲ. ಈ ಎರಡು ಗದ್ದಲಗಳ ಮಧ್ಯೆ ನಿಂತು ಆಕೆ ಲೋಕದ ಮಾತುಗಳನ್ನು ಕೇಳಿಸಿಕೊಂಡಳು: ಕೇಳಿಸಿದಷ್ಟನ್ನು ಇಟ್ಟುಕೊಂಡು, ಕೇಳಿಸದೆ ಉಳಿದದ್ದನ್ನು ತನ್ನ ಅಂದಾಜಿನಿಂದ ತುಂಬಿಕೊಂಡಳು. ಅಂದಾಜಿಗೆ ಅರ್ಥವಿರಬೇಕೆಂಬುದು ಆಕೆಯ ಹಟವಾಗಿತ್ತು. ಅರ್ಥವಿಲ್ಲದ ಶಬ್ದವನ್ನು ಆಕೆ ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತಿರಲಿಲ್ಲ.

ಭಾರೀ ನಿರೀಕ್ಷೆ ಹುಟ್ಟಿಸಿ ಠುಸ್ಸೆಂದ ಕೆಲಸಕ್ಕೆ ಇಂಗ್ಲಿಷರು 'ಡ್ಯಾಂಪ್ ಸ್ಕ್ವಿಬ್' ಎನ್ನುತ್ತಾರೆ. ನೀರು ಕುಡಿದ ಪಟಾಕಿ. ಸ್ಕ್ವಿಬ್ ಎಂಬ ಪಟಾಕಿಯನ್ನು ಈಗ ಬದುಕಿರುವ ಯಾರೂ ಹಚ್ಚಿದಂತಿಲ್ಲ. ಆದ್ದರಿಂದ ಮೇವಿಸ್ 'ಡ್ಯಾಂಪ್ ಸ್ಕ್ವಿಡ್' ಎನ್ನುತ್ತಿದ್ದಳು: ಒದ್ದೆಯಾದ ಸ್ಕ್ವಿಡ್ ಮೀನು. ಬಟ್ಟೆಯಿಡುವ 'ಚೆಸ್ಟ್ ಆಫ್ ಡ್ರಾಯರ್ಸ್' ಆಕೆಯ ಮನೆಯಲ್ಲಿ 'ಚೆಸ್ಟರ್ ಡ್ರಾಯರ್ಸ್' ಆಗಿತ್ತು. ಚೆಸ್ಟರ್ ಪಟ್ಟಣದ ಬಡಗಿಗಳು ಒಳ್ಳೆಯವರಿರಬೇಕೆಂದು ಆಕೆ ನಂಬಿದ್ದಳು. ಊರ ತಪ್ಪನ್ನೆಲ್ಲ ತಲೆಗೆ ಕಟ್ಟಿಸಿಕೊಂಡ ಬಡಪಾಯಿ 'ಸ್ಕೇಪ್‌ಗೋಟ್' ಆಕೆಗೆ 'ಎಸ್ಕೇಪ್ ಗೋಟ್': ತಪ್ಪಿಸಿಕೊಂಡ ಮೇಕೆ.

ಮತ್ತು ಆಲ್ಝೈಮರ್ಸ್ ಡಿಸೀಸ್ ಎಂಬ ಮರೆವಿನ ಕಾಯಿಲೆಯನ್ನು ಆಕೆ 'ಓಲ್ಡ್ ಟೈಮರ್ಸ್ ಡಿಸೀಸ್' ಎನ್ನುತ್ತಿದ್ದಳು. ಹಳೇ ಕಾಲದವರ ಕಾಯಿಲೆ. ಆ ಕಾಯಿಲೆ ಬಂದಿದ್ದು ಆಕೆಯ ಗಂಡನಿಗೆ.

ನಗು ಬಂತೇ? ಈ ಕೊನೆಯದಕ್ಕೂ? ಇರಲಿ, ನೆನಪಿಟ್ಟುಕೊಳ್ಳಿ. ಆಮೇಲೆ ಕೇಳುತ್ತೇನೆ.

2

ಗಂಡನ ಹೆಸರು ಡೆರಿಕ್. ಸುಣ್ಣಕಲ್ಲಿನ ಗಣಿಯಲ್ಲಿ ದುಡಿದವನು. ಈಗ ವಾರಗಳ ಹೆಸರು, ಗೆಳೆಯರ ಮುಖ, ಮನೆಯ ದಾರಿ ಎಲ್ಲವೂ ಒಂದೊಂದಾಗಿ ಅವನನ್ನು ಬಿಟ್ಟುಹೋಗಿವೆ. ಹೆಂಡತಿಯ ಮುಖವೂ ಹೋಗಿದೆ. ಹೋಗದೆ ಉಳಿದದ್ದು ಆಕೆಯ ದನಿ. ದನಿ ಕೇಳುತ್ತಿರುವಷ್ಟು ಹೊತ್ತು ಡೆರಿಕ್ ಇದ್ದಲ್ಲಿ ನೆಮ್ಮದಿಯಾಗಿರುತ್ತಾನೆ. ದನಿ ನಿಂತಿತೆಂದರೆ ಎದ್ದು ಅದನ್ನು ಹುಡುಕಿಕೊಂಡು ಹೊರಟುಬಿಡುತ್ತಾನೆ. ಕಳೆದ ಚಳಿಗಾಲದಲ್ಲಿ ಮೇವಿಸ್ ಹಲ್ಲಿನ ವೈದ್ಯರ ಬಳಿ ಹೋಗಿದ್ದಾಗ ಹೀಗೆಯೇ ಹೊರಟು, ಲಾರಿಗಳು ಹರಿಯುವ ಹೆದ್ದಾರಿಯ ನಟ್ಟನಡುವೆ ಸಿಕ್ಕಿದ್ದ. ಡರ್ಬಿಯಲ್ಲಿರುವ ಮಗಳು ಮಿಷೆಲ್ ಅಂದೇ ಓಡಿಬಂದಳು.

"ಅಮ್ಮಾ, ಇನ್ನೊಂದ್ಸಲ ಅಪ್ಪ ಹೀಗೆ ಹೊರಟ್ರೆ ವಯಸ್ಸಾದವರ ಹೋಮ್‌ಗೆ ಸೇರಿಸ್ತೀನಿ. ಮಾತ್ ಕೊಡು."

"ನನ್ ಕೈಲಿರೋದೇ ಮಾತು. ತಗೋ, ಕೊಟ್ಟೆ."

ಆದ್ದರಿಂದ, ಓದುಗ ಮಹಾಶಯರೇ, ಈ ಕಥೆಯಲ್ಲಿ ಪಣಕ್ಕಿಟ್ಟದ್ದು ಇಷ್ಟೇ, ನಾನು ಮುಚ್ಚಿಡುವುದಿಲ್ಲ: ಮೇವಿಸ್ ಮಾತಾಡುತ್ತಿದ್ದರೆ ಡೆರಿಕ್ ಮನೆಯಲ್ಲಿರುತ್ತಾನೆ. ನಿಲ್ಲಿಸಿದರೆ ಹೋಗುತ್ತಾನೆ, ಮತ್ತೆ ಬರುವುದಿಲ್ಲ.

2 (ಮತ್ತೆ, ಕೊಟ್ಟಿಗೆಯನ್ನು ಮರೆತಿದ್ದೆ)

ಮೇ ತಿಂಗಳ ಕೊನೆಯಲ್ಲಿ ಆಲ್ಡರ್‌ಲೋ ತನ್ನ ನೀರಿನ ಚಿಲುಮೆಯನ್ನು ಸಿಂಗರಿಸುತ್ತದೆ. ದೊಡ್ಡ ಮರದ ಹಲಗೆಗಳನ್ನು ಕೊಳದಲ್ಲಿ ನೆನೆಹಾಕಿ, ಅವುಗಳ ಮೇಲೆ ಜೇಡಿಮಣ್ಣು ಮೆತ್ತಿ, ಹೂವಿನ ದಳ, ಪಾಚಿ, ಬೀಜಗಳನ್ನು ಒಂದೊಂದಾಗಿ ಒತ್ತಿ ಚಿತ್ರ ಮಾಡಿ, ಶನಿವಾರ ಚಿಲುಮೆಯ ಬಳಿ ನಿಲ್ಲಿಸುತ್ತಾರೆ. ಪಾದ್ರಿ ಬಂದು ಹರಸುತ್ತಾರೆ, ವಾದ್ಯದವರು ಊದುತ್ತಾರೆ, ವಾರದಲ್ಲಿ ಎಲ್ಲವೂ ಬಾಡುತ್ತದೆ, ಮಣ್ಣನ್ನು ಕೆರೆದು ಮತ್ತೆ ತೊಟ್ಟಿಗೆ ಹಾಕುತ್ತಾರೆ. ಈ ವರ್ಷದ ಚಿತ್ರ, ಬೈಬಲಿನ ಪ್ರಳಯದಲ್ಲಿ ಪ್ರಾಣಿಗಳನ್ನೆಲ್ಲ ಹೊತ್ತ ನೋವಾನ ದೋಣಿ.

ಈ ಕೆಲಸ ನಡೆಯುವ ಕೊಟ್ಟಿಗೆಯಲ್ಲಿ ಎರಡು ನೇಮಗಳು. ದಳಗಳನ್ನು ಕೆಳಸಾಲಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ ಒತ್ತಬೇಕು. ಮಳೆ ಬಂದರೆ ನೀರು ಜಾರಿಹೋಗಬೇಕು. ಇನ್ನೊಂದು: ಯಾವ ದಳ ಯಾರು ಒತ್ತಿದ್ದೆಂದು ಯಾರೂ ಎಲ್ಲಿಯೂ ಹೇಳಬಾರದು. ಹೊಗಳಿಕೆಯೂ ಊರಿನದು, ಸೊಟ್ಟಗಾದ ಆನೆಯೂ ಊರಿನದು.

ಮಣ್ಣು ತುಳಿಯುವವನು ಮಾತ್ರ ಎಲ್ಲರಿಗೂ ಗೊತ್ತು, ಏಕೆಂದರೆ ಅದು ಎಂದಿನಿಂದಲೂ ಡೆರಿಕ್. ಮಣ್ಣಿಗೆ ನೀರು, ಉಪ್ಪು ಬೆರೆಸಿ ಬರಿಗಾಲಲ್ಲಿ ತುಳಿಯಬೇಕು. ಬೂಟು ಹಾಕಿದವನಿಗೆ ಕಲ್ಲಿನ ಹರಳು ಸಿಕ್ಕುವುದಿಲ್ಲವೆಂದು ಅವನ ವಾದ. ದೊಡ್ಡ ಹಲಗೆಗೆ ಹೆಂಗಸರು ದಳ ಒತ್ತುತ್ತಿರುವಾಗಲೇ ಮೂಲೆಯ ತೊಟ್ಟಿಯಲ್ಲಿ ಶಾಲೆಯ ಮಕ್ಕಳ ಹಲಗೆಗೆ ಮಣ್ಣು ಹದವಾಗುತ್ತಿರುತ್ತದೆ. ಮೇವಿಸ್ ಹಲಗೆಯ ಮೇಲೆ ಬಗ್ಗಿಕೊಂಡು ಮಾತಾಡುತ್ತಾಳೆ, ಡೆರಿಕ್ ಆ ಮಾತಿನ ಲಯಕ್ಕೆ ತುಳಿಯುತ್ತಾನೆ. ಆಕೆ ಸಿಟ್ಟಾದರೆ ಕಾಲು ಚುರುಕಾಗುತ್ತದೆ. ಆಕೆ ಮದುವೆಮನೆಗಳ ವಿಷಯ ತೆಗೆದರೆ ನಿಧಾನ. ಕಾಯಿಲೆ ಬಂದ ಮೇಲೂ ಇದು ತಪ್ಪಿರಲಿಲ್ಲ. ಈಗ ಅವನಿಗೆ ಹಲಗೆ ಏಕೆ, ಹೂವೇಕೆ ಒಂದೂ ತಿಳಿಯದು, ಕಾಲಿಗೆ ತಿಳಿಯುತ್ತದೆ.

4

(ಮೂರನೆಯದನ್ನು ಹರಿದಿದ್ದೇನೆ. ಅದರಲ್ಲಿ ಬೆಟ್ಟದ ವರ್ಣನೆಯಿತ್ತು. ಸಿಟ್ಟು ಬಂದಾಗ ಬೆಟ್ಟ ಕಾಣುವುದಿಲ್ಲ.)

ಮಂಗಳವಾರ ಮಧ್ಯಾಹ್ನ, ಚಹಾದ ಹೊತ್ತಿಗೆ, ಗ್ಲೆನಿಸ್ ಫರ್ನಿಸ್ ಎಂಬಾಕೆ ಊರ ಮಾಸಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೊಟ್ಟಿಗೆಗೆ ಬಂದಳು. ಗ್ಲೆನಿಸ್ ಕೆಟ್ಟವಳಲ್ಲ. ಏನಾದರೂ ಓದಿದರೆ ಅದನ್ನು ಗಟ್ಟಿಯಾಗಿ ಓದಬೇಕೆನ್ನುವ ಜಾತಿಯವಳು, ಅಷ್ಟೇ. ಪತ್ರಿಕೆಯ ಕೊನೆಯ ಪುಟದಲ್ಲಿ 'ಕಿವಿಗೆ ಬಿದ್ದದ್ದು' ಎಂಬ ಹೊಸ ಅಂಕಣ. ಬರೆದವರು ಸಂಪಾದಕರಾದ ಕ್ಲೆಮೆಂಟ್ ಹ್ಯಾಲಮ್, ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಅವರೂ ಕೊಟ್ಟಿಗೆಯಲ್ಲಿಯೇ ಇದ್ದರು. ಹಲಗೆಯ ಕೆಳಗಿನ ಅಕ್ಷರಗಳ ಗೆರೆ ಎಳೆಯುವುದು ಅವರ ಪಾಲಿನ ಕೆಲಸ.

"ಕೇಳ್ರೇ ಇಲ್ಲಿ," ಎಂದಳು ಗ್ಲೆನಿಸ್. "'ನಮ್ಮೂರಲ್ಲಿ ಕಳೆದ ವಾರ ಒಂದು ಒದ್ದೆ ಸ್ಕ್ವಿಡ್ ಕಾಣಿಸಿಕೊಂಡಿದೆ. ಸಮುದ್ರ ಬಹು ದೂರವಿರುವುದರಿಂದ ಇದು ನಡೆದೇ ಬಂದಿರಬೇಕು.'"

ಎಲ್ಲರೂ ನಕ್ಕರು. ಮೇವಿಸ್ ಎಲ್ಲರಿಗಿಂತ ಜೋರಾಗಿ ನಕ್ಕಳು. "ಯಾರ್ ಬಾಯಿಂದ ಬಂತೋ ಗೊತ್ತಾಗ್ಲಿಲ್ಲ ನೋಡಿ!" ಎಂದಳು. ತೊಟ್ಟಿಯಲ್ಲಿ ಡೆರಿಕ್‌ನ ಕಾಲು ಚುರುಕಾಯಿತು. ಚೆಸ್ಟರಿನ ಬಡಗಿಗಳಿಗೂ ನಕ್ಕರು, ಓಡಿಹೋದ ಮೇಕೆಗೂ ನಕ್ಕರು.

ಆಮೇಲೆ ಗ್ಲೆನಿಸ್ ಓದುವುದನ್ನು ನಿಲ್ಲಿಸಬಹುದಿತ್ತು. ಕಣ್ಣು ಮುಂದಿನ ಸಾಲಿಗೆ ಹೋಗಿತ್ತು, ಬಾಯಿ ಹಿಂದಿನಿಂದ ಓಡಿ ಬರುತ್ತಿತ್ತು, ತಡೆಯಲಾಗಲಿಲ್ಲ.

"'ಮತ್ತೊಬ್ಬರ ಮನೆಯವರಿಗೆ ಓಲ್ಡ್ ಟೈಮರ್ಸ್ ಡಿಸೀಸ್ ತಗುಲಿದೆಯಂತೆ. ಈ ಕಾಯಿಲೆ ಗಂಡನ ತಲೆಗಿಂತ ಮೊದಲು ಹೆಂಡತಿಯ ಕಿವಿಗೆ ಬರುತ್ತದೆಂದು…'"

ಯಾರೋ ಒಬ್ಬರು ನಕ್ಕರು. ಹಿಂದಿನ ನಗೆಯ ಬಾಲ ಅದು, ನಿಲ್ಲಲು ತಡವಾಯಿತು.

"ಓ," ಎಂದಳು ಮೇವಿಸ್.

ಕೈಯಲ್ಲಿದ್ದ ದಳವನ್ನು ನೋಡಿದಳು. ಅದನ್ನು ಒತ್ತಿದಳು. ಇನ್ನೊಂದು ತೆಗೆದುಕೊಂಡಳು. ಮತ್ತೆ ಮಾತಾಡಲಿಲ್ಲ.

4½

"ಒಂದ್ನಿಮಿಷ," ಎಂದರು ಹ್ಯಾಲಮ್ ಮೇಷ್ಟ್ರು. "ನಾನು ಆಕ್ಷೇಪಣೆ ಸಲ್ಲಿಸ್ಬೇಕು."

"ಕಥೆಯ ಮಧ್ಯೆಯೇ?"

"ಮತ್ತೆಲ್ಲಿ? ಕೊನೇವರೆಗೂ ಕಾದ್ರೆ ಅಷ್ಟೊತ್ತಿಗೆ ಓದುಗರು ನನ್ನ ಸುಟ್ಟು ಬೂದಿ ಮಾಡಿರ್ತಾರೆ. ನಾನು ಹೆಸರು ಹಾಕಿಲ್ಲ. ಗಮನಿಸಿ. ಎಲ್ಲಿಯೂ ಹೆಸರು ಹಾಕಿಲ್ಲ. ಈ ಊರಿನ ಪದ್ಧತಿಯೇ ಅದಲ್ವಾ?"

ಈ ಮಾತಿಗೆ ನನ್ನ ಮೈ ಉರಿಯಿತು. ಕಥೆಗಾರರು ಪಾತ್ರಗಳ ಮೇಲೆ ಸಿಟ್ಟಾಗಬಾರದೆಂದು ಬಲ್ಲವರು ಹೇಳುತ್ತಾರಂತೆ. ಬಲ್ಲವರು ಕೊಟ್ಟಿಗೆಯಲ್ಲಿರಲಿಲ್ಲ. ಹೂ ಒತ್ತಿದವರ ಹೆಸರು ಹೇಳದಿರುವುದು ಎಲ್ಲರಿಗೂ ಪಾಲು ಸಿಗಲೆಂದು. ಮೂದಲಿಸಿಕೊಂಡವಳ ಹೆಸರು ಹೇಳದಿರುವುದು ಮೂದಲಿಸಿದವನಿಗೆ ರಕ್ಷಣೆ ಸಿಗಲೆಂದು. ಒಂದೇ ನೇಮವನ್ನು ತಿರುಗಿಸಿ ತೊಟ್ಟುಕೊಂಡ ಈ ಮನುಷ್ಯ, ಹೊಲಿಗೆ ಹೊರಗೆ ಕಾಣುತ್ತಿದ್ದರೂ, ತಾನು ನೀಟಾಗಿದ್ದೇನೆಂದುಕೊಂಡಿದ್ದಾರೆ.

"ಮೇಷ್ಟ್ರೇ," ಎಂದೆ, "ಅವಳು ಕಟ್ಟಿಕೊಂಡಿರುವ ಬಟ್ಟೆಯ ಹೆಸರೇನು?"

"ಏಪ್ರನ್."

"ಒಂದು ಕಾಲಕ್ಕೆ ಅದು 'ನೇಪ್ರನ್' ಆಗಿತ್ತು. 'ಎ ನೇಪ್ರನ್' ಎಂದದ್ದನ್ನು ಯಾರೋ 'ಆ್ಯನ್ ಏಪ್ರನ್' ಎಂದು ಕೇಳಿಸಿಕೊಂಡರು. ಮದುವೆ ಗಂಡಿಗೆ 'ಬ್ರೈಡ್‌ಗ್ರೂಮ್' ಎನ್ನುತ್ತೀರಿ. ಅಲ್ಲಿದ್ದದ್ದು 'ಗೂಮ', ಗಂಡಸು ಎಂದರ್ಥ. ಆ ಮಾತು ಮರೆತುಹೋದಾಗ ಜನ ಅಂದಾಜಿನಿಂದ ಕುದುರೆ ತೊಳೆಯುವ ಗ್ರೂಮನನ್ನು ತಂದು ಮದುಮಗಳ ಪಕ್ಕ ನಿಲ್ಲಿಸಿದರು. ಅವನನ್ನು ನೋಡಿ ಯಾವ ಪತ್ರಿಕೆ ನಕ್ಕಿದೆ? ಅವಳ ಮೇಕೆಯನ್ನೇ ನೋಡಿ. ನಿಮ್ಮ 'ಸ್ಕೇಪ್' ಎಂಬುದು 'ಎಸ್ಕೇಪಿ'ನ ತಲೆ ಕತ್ತರಿಸಿ ಮಾಡಿದ್ದು. ಅವಳು ಆ ತಲೆಯನ್ನು ಮತ್ತೆ ಇಟ್ಟಳು, ತಪ್ಪಿತಸ್ಥಳಾದಳು!"

"ಅದು ವ್ಯುತ್ಪತ್ತಿಶಾಸ್ತ್ರ. ಬೇರೆ ವಿಷಯ."

ಬೇರೆ ವಿಷಯವಂತೆ! ಸಾವಿರ ಜನ ಕೂಡಿ ತಪ್ಪಾಗಿ ಕೇಳಿಸಿಕೊಂಡರೆ ಶಾಸ್ತ್ರ. ಒಬ್ಬಳೇ ಕೇಳಿಸಿಕೊಂಡರೆ ಕೊನೆಯ ಪುಟದ ತಮಾಷೆ. (ಓದುಗರೇ, ನೀವು 'ಆಸ್ಪತ್ರೆ' ಎನ್ನುತ್ತೀರಿ, 'ಲಾಟೀನು' ಎನ್ನುತ್ತೀರಿ. ಅವು ಕಡಲು ದಾಟಿ ಬರುವಾಗ ನಿಮ್ಮ ಮುತ್ತಜ್ಜಿಯರ ಕಿವಿಯಲ್ಲಿ ಏನೇನಾದವೆಂದು ಯಾರಾದರೂ ಬರೆದಿಟ್ಟು ನಕ್ಕಿದ್ದರೆ ನಿಮಗೆ ಹೇಗಿರುತ್ತಿತ್ತು?)

ಮೇಷ್ಟ್ರು ತಗ್ಗಿದ ದನಿಯಲ್ಲಿ ಹೇಳಿದರು: "ನೋಡಿ, ಜೀವಮಾನವೆಲ್ಲ ಕೆಂಪು ಶಾಯಿ ಹಿಡಿದ ಕೈ ಇದು. ನಿವೃತ್ತಿ ಆದ್ಮೇಲೆ ತಿದ್ದಿಕೊಡಿ ಅಂತ ಯಾರೂ ಒಂದು ಹಾಳೆ ತಂದ್ಕೊಟ್ಟಿಲ್ಲ. ಮಿಸೆಸ್ ಬ್ಯಾಗ್‌ಶಾ ಮಾತಾಡೋದನ್ನ ಕೇಳೋಕೆ ನನಗೆ ಇಷ್ಟ. ನಿಜವಾಗ್ಲೂ. ಅದಕ್ಕೇ ಬರ್ಕೊಂಡೆ."

ಅದನ್ನು ನಾನು ನಂಬುತ್ತೇನೆ. ನಂಬಿದ ಮೇಲೂ ಸಿಟ್ಟು ಇಳಿಯದಿರುವುದೇ ಈ ಕಥೆಯ ತೊಡಕು. ಇಷ್ಟಪಟ್ಟು ಕಿತ್ತರೂ ದಳ ಗಿಡಕ್ಕೆ ಮರಳುವುದಿಲ್ಲ.

5

ನಾವು ಹೀಗೆ ವಾದಿಸುತ್ತಿದ್ದೆವಲ್ಲ, ಆ ಹೊತ್ತಿನಲ್ಲಿಯೇ ಅದು ನಡೆದುಹೋಯಿತು. ನಿಮಗೆ ಗೊತ್ತಾಯಿತೇ? ನಮಗೂ ಆಗಲಿಲ್ಲ.

ಕೊಟ್ಟಿಗೆಯಲ್ಲಿ ಮೇವಿಸ್ ಮೌನವಾಗಿ ದಳ ಒತ್ತುತ್ತಿದ್ದಳು. ಉಳಿದವರು ಅವಳ ಮುಖ ನೋಡಲಾರದೆ ತಮ್ಮ ತಮ್ಮ ದಳಗಳನ್ನು ನೋಡುತ್ತಿದ್ದರು. ಗ್ಲೆನಿಸ್ ಒಂದೆರಡು ಸಲ ಗಂಟಲು ಸರಿಮಾಡಿಕೊಂಡು, "ಟೀ ಹಾಕ್ಲಾ ಮೇವಿಸ್?" ಎಂದಳು. ಮೇವಿಸ್ ಮುಂದಿನ ದಳಕ್ಕೆ ಕೈ ಚಾಚಿದಳು. ಪಚ್ ಪಚ್ ಎಂಬ ಮಣ್ಣಿನ ಸದ್ದು ನಿಂತಿರುವುದು ಯಾರ ಕಿವಿಗೂ ಬೀಳಲಿಲ್ಲ. ಕಿವಿಗೆ ಬಿದ್ದದ್ದನ್ನು ಬರೆಯುವವರೂ ಅಲ್ಲಿಯೇ ಇದ್ದರು, ಅವರಿಗೂ.

ಮೇವಿಸ್ ತಲೆಯೆತ್ತಿದಳು. ತೊಟ್ಟಿಯಲ್ಲಿ ಎರಡು ಪಾದಗಳ ಗುಳಿಗಳಿದ್ದವು, ಅವುಗಳಲ್ಲಿ ನೀರು ತುಂಬುತ್ತಿತ್ತು. ಬಾಗಿಲು ತೆರೆದಿತ್ತು.

6

ಬಸ್ ನಿಲ್ದಾಣಗಳಲ್ಲಿ ಅಗ್ಗದ ಬೆಲೆಗೆ ಸಿಗುವ ಕಾದಂಬರಿಗಳಲ್ಲಿ ಇಂಥ ಹೊತ್ತಿಗೆ ಏನಾಗುತ್ತದೆಂದು ನನಗೆ ಬಾಯಿಪಾಠವಿದೆ. ಹಲಗೆ ನೆನೆಹಾಕುವ ಕೊಳವನ್ನು ಮೊದಲೇ ತಂದಿಟ್ಟಿದ್ದೇನೆ, ನೀವು ಗುರುತಿಸಿರಬಹುದು. ಈಗ ಅದರ ಮೇಲೆ ಒಂದು ಟೋಪಿ ತೇಲಬೇಕು. ಎಲ್ಲರೂ ದಡಕ್ಕೆ ಓಡಬೇಕು. ಮೇಷ್ಟ್ರು ಮೊಣಕಾಲೂರಿ ಕೂರಬೇಕು. ಬರೆದೆ. ಟೋಪಿಗೆ ಬೂದು ಬಣ್ಣವನ್ನೂ ಕೊಟ್ಟೆ.

"ಏಯ್."

"ಏನು, ಮೇವಿಸ್?"

"ನನ್ ಗಂಡನ್ನ ನೀರಿಗ್ ತಳ್ಳಿದ್ರೆ ಈ ಬಕೆಟ್ ನಿನ್ ತಲೆಮೇಲ್ ಕವುಚಿಹಾಕ್ತೀನಿ. ಕಥೆ ಚೆನ್ನಾಗಾಗ್ಬೇಕು ಅಂತ ಮನುಷ್ಯನ್ನ ಮುಳುಗಿಸ್ತಾರಾ? ಮೇಷ್ಟ್ರು ಮಾಡಿದ್ದಕ್ಕೂ ನೀನ್ ಮಾಡೋದಕ್ಕೂ ಏನ್ ವ್ಯತ್ಯಾಸ, ಡಕ್?"

ಏನೂ ಇಲ್ಲ. ಟೋಪಿಯನ್ನು ಹೊಡೆದುಹಾಕಿದ್ದೇನೆ.

7

ನಡೆದದ್ದು ಇಷ್ಟು. ಬಾಗಿಲಿನಿಂದ ರಸ್ತೆಗೆ ಮಣ್ಣಿನ ಹೆಜ್ಜೆಗಳಿದ್ದವು. ಬರಿಗಾಲು, ಎಡಗಾಲು ಸ್ವಲ್ಪ ಹೊರಕ್ಕೆ. ಮೇವಿಸ್ ಮುಂದೆ, ಹಿಂದೆ ಗ್ಲೆನಿಸ್, ಅವಳ ಹಿಂದೆ ಏದುಸಿರು ಬಿಡುತ್ತ ಮೇಷ್ಟ್ರು. ಹೆಜ್ಜೆಗಳು ಹೆದ್ದಾರಿಯ ಕಡೆ ತಿರುಗುವ ಮೂಲೆಯಲ್ಲಿ ನಿಂತು, ಅಲ್ಲಿ ಗೊಂದಲಗೊಂಡು ಒಂದರ ಮೇಲೊಂದು ಬಿದ್ದಿದ್ದವು. ಮೇವಿಸ್ ಅಲ್ಲಿ ಕಂಬ ಹಿಡಿದುಕೊಂಡಳು. ಆಮೇಲೆ ಗ್ಲೆನಿಸ್ ಕೂಗಿದಳು: ಹೆಜ್ಜೆಗಳು ಹೆದ್ದಾರಿಯನ್ನು ಬಿಟ್ಟು, ಮೀನು ಕರಿಯುವ ಅಂಗಡಿಯ ಪಕ್ಕದಿಂದ, ಶಾಲೆಯ ಓಣಿಗೆ ಹೋಗಿದ್ದವು. ಮಣ್ಣು ತೆಳುವಾಗುತ್ತ, ಬೆರಳುಗಳಷ್ಟೇ ಉಳಿದು, ಕೊನೆಗೆ ಅವೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಶಾಲೆಗೆ ರಜೆ. ಅಡುಗೆಮನೆಯ ಹಿಂಬಾಗಿಲಿಗೆ ಬೀಗ. ಆ ಬಾಗಿಲಿನ ಮುಂದೆ, ಸಾಲಿನಲ್ಲಿ ಮೊದಲನೆಯವನಾಗಿ, ಹಿಂದೆ ಯಾರೂ ಇಲ್ಲದೆ, ಡೆರಿಕ್ ನಿಂತಿದ್ದ. ಹರೆಯದಲ್ಲಿ ಗಣಿಯ ಪಾಳಿ ಮುಗಿಸಿ ಈ ಬಾಗಿಲಿಗೇ ಬಂದು, ಮಕ್ಕಳು ಬಿಟ್ಟ ಕಸ್ಟರ್ಡ್ ಇದೆಯೇ ಎಂದು ಕೇಳುವ ನೆಪದಲ್ಲಿ ಒಬ್ಬ ಹುಡುಗಿಯ ಮಾತು ಕೇಳಿಕೊಂಡು ಹೋಗುತ್ತಿದ್ದವನು.

ಮೇವಿಸ್ ಬಾಯಿ ತೆರೆದಳು. ಬೆನ್ನ ಹಿಂದೆ ಮೇಷ್ಟ್ರಿದ್ದಾರೆಂಬುದು ನೆನಪಾಯಿತು. ಬಾಯಿ ಮುಚ್ಚಿ, ಒಳಗೆ ಮಾತುಗಳನ್ನು ಒಂದೊಂದಾಗಿ ಆರಿಸಿ, ಒರೆಸಿ, ಜೋಡಿಸಿ, ಹೀಗೆ ಹೇಳಿದಳು:

"ಡೆರಿಕ್ ಅವರೇ, ದಯವಿಟ್ಟು ನನ್ನೊಡನೆ ಮನೆಗೆ ಬನ್ನಿರಿ."

ಡೆರಿಕ್ ತಿರುಗಿ ನೋಡಿದ. ಟೋಪಿ ತೆಗೆದು ಬಹಳ ಮರ್ಯಾದೆಯಿಂದ ತಲೆಬಾಗಿಸಿದ.

"ಕ್ಷಮ್ಸಿ ಮೇಡಂ. ನಮ್ ಮೇವಿಸ್‌ಗೆ ಕಾಯ್ತಿದೀನಿ. ಒಳಗಡೆ ಇರ್ಬೇಕು… ಆದ್ರೆ ಏನೂ ಸದ್ದಿಲ್ಲ."

(ಈಗ ಕೇಳುತ್ತೇನೆ: ತುಟಿಯ ಆ ಮೂಲೆ ಎಲ್ಲಿದೆ?)

ಮೇಷ್ಟ್ರು ಸಹಾಯ ಮಾಡಲು ಮುಂದೆ ಬಂದರು. ಇಂಥವರು ಯಾವಾಗಲೂ ಸಹಾಯ ಮಾಡಲು ಮುಂದೆ ಬರುತ್ತಾರೆ. "ಮಿಸ್ಟರ್ ಬ್ಯಾಗ್‌ಶಾ, ಇವರೇ ನಿಮ್ಮ ಪತ್ನಿ…"

"ಬಾಯ್ ಮುಚ್ರೀ ಮೇಷ್ಟ್ರೇ!"

ಓಣಿಯ ಕೊನೆಯ ಮನೆಯಲ್ಲಿ ನಾಯಿ ಬೊಗಳಿತು.

"ನನ್ ಬಾಯಿಂದ ಕಿತ್ಕೊಂಡ್ ಹೋಗಿ ಪೇಪರ್‌ನಲ್ಲಿ ಹಾಕ್ಕೊಂಡ್ರಿ. ಈಗ ನನ್ ಗಂಡಂಗೆ ನಾನ್ಯಾರು ಅಂತಾನೂ ನೀವೇ ಹೇಳ್ಬೇಕಾ? ಆ ಕಾಯಿಲೆ ಹೆಸರನ್ನ ಡಾಕ್ಟ್ರು ಒಂದೇ ಒಂದ್ಸಲ ಹೇಳಿದ್ದು, ಅದೂ ಕಂಪ್ಯೂಟರ್ ಮುಖ ನೋಡ್ಕೊಂಡು! ನನ್ ಮುಖ ನೋಡಿ ಹೇಳಿದ್ರೆ ನಾನೂ ಸರಿಯಾಗೇ ಕೇಳಿಸ್ಕೋತಿದ್ದೆ. ಓಲ್ಡ್ ಟೈಮರ್ಸ್ ಅಂದೆ. ಹೌದು, ಅಂದೆ. ಏನೀಗ? ಹಳೇ ಕಾಲಕ್ಕೆ ಹೋಗಿ ಕೂತಿದಾನಲ್ಲ ಅವ್ನು, ಕಣ್ಣಿದ್ರೆ ನೋಡಿ! ಅಲ್ಲಿ ನಾನಿದೀನಿ, ಇಪ್ಪತ್ತು ವರ್ಷದೋಳು, ಕೈಲಿ ಸೌಟು! ಇಲ್ಲಿರೋ ನಾನು ಅವ್ನಿಗ್ ಬೇಡ! ಅದಕ್ಕಿಂತ ಒಳ್ಳೇ ಹೆಸರು ನಿಮ್ ಡಿಕ್ಷನರೀಲಿದ್ರೆ ತಂದ್ ತೋರ್ಸಿ, ಒದ್ದೆ ಸ್ಕ್ವಿಡ್ಡೇ!"

ಡೆರಿಕ್‌ನ ಮುಖ ಮೆಲ್ಲಗೆ ಸಡಿಲವಾಯಿತು. ಬೀಗ ಹಾಕಿದ ಬಾಗಿಲನ್ನು ಬಿಟ್ಟು ಇತ್ತ ತಿರುಗಿದ.

"ಅಗೋ," ಎಂದ ಮೇಷ್ಟ್ರಿಗೆ, ಗುಟ್ಟು ಹೇಳುವವನಂತೆ. "ಬಂದ್ಲು. ಇವತ್ತು ಯಾರ್ಗೋ ಗ್ರಹಚಾರ."

8 (ಅಂತ್ಯಗಳು)

(ಅ) ಕೊಟ್ಟಿಗೆಯವರೆಲ್ಲ ಸೇರಿ ವಿಷಯವನ್ನು ಮಿಷೆಲ್‌ಗೆ ತಿಳಿಯದಂತೆ ಮುಚ್ಚುತ್ತಾರೆ. ರಸ್ತೆಯ ಹೆಜ್ಜೆಗಳು ಯಾರವೆಂದು ಅವಳು ಕೇಳಿದರೆ, ಹೆಸರು ಹೇಳುವ ನೇಮ ಇಲ್ಲಿಲ್ಲ ಎನ್ನುತ್ತಾರೆ. ಸಾಕ್ಷಿ ಕಲಸಿಹೋಗಲೆಂದು ಹ್ಯಾಲಮ್ ಮೇಷ್ಟ್ರು ಸ್ವತಃ ಬೂಟು ಬಿಚ್ಚಿ, ತೊಟ್ಟಿಗಿಳಿದು, ಶಾಲೆಯವರೆಗೆ ಬರಿಗಾಲಲ್ಲಿ ನಡೆದು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಾರೆ. ಬರೆಯುವಾಗ ನನ್ನ ಕಣ್ಣೇ ತುಂಬಿತು. ಮೇಷ್ಟ್ರು ತಮ್ಮ ಮೊಣಕಾಲಿನ ನೋವನ್ನು ಮುಂದಿಟ್ಟರು. ಮೇವಿಸ್ ಒಂದೇ ಮಾತಿನಲ್ಲಿ ಮುಗಿಸಿದಳು: "ಬಚ್ಚಿಟ್ಕೊಳ್ಳೋಕೆ ನನ್ ಗಂಡನೇನು ಕದ್ ಮಾಲಾ?" ಅಂದು ಸಂಜೆಯೇ ತಾನೇ ಮಗಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟಳು. ನನ್ನ ಅತ್ಯುತ್ತಮ ಅಂತ್ಯ ಹೀಗೆ ಹಾಳಾಯಿತು.

(ಆ) ಮಿಷೆಲ್ ಬರುತ್ತಾಳೆ, ಅಪ್ಪ ಮಣ್ಣು ತುಳಿಯುವುದನ್ನು ಕಾಣುತ್ತಾಳೆ, ಅಳುತ್ತಾಳೆ, ಮನಸ್ಸು ಬದಲಾಯಿಸುತ್ತಾಳೆ. ಇದಕ್ಕೆ ಮಿಷೆಲ್ ಡರ್ಬಿಯಿಂದಲೇ ತಕರಾರು ತೆಗೆದಳು.

"ಇಷ್ಟೊತ್ತು ನನಗೆ ಎರಡೇ ಎರಡು ಸಾಲು ಕೊಟ್ಟಿದ್ದೀರಿ, ಈಗ ಬಂದು ಅಳು ಅಂತೀರಾ? ಹೆದ್ದಾರಿಯಿಂದ ಪೊಲೀಸ್‌ನವ್ರು ಫೋನ್ ಮಾಡಿದ್ದು ನನಗೆ. ಲಾರಿಯವನು ಬ್ರೇಕ್ ಹಾಕಿದ ಗುರುತು ರಸ್ತೆ ಮೇಲಿನ್ನೂ ಇದೆ. ಅಮ್ಮ ಎಷ್ಟು ದಿನ ಅಂತ ಮಾತಾಡ್ತಾಳೆ? ನಿದ್ದೆ ಮಾಡ್ಬಾರ್ದಾ? ಜ್ವರ ಬರ್ಬಾರ್ದಾ? ಗಂಟಲು ಕಟ್ಬಾರ್ದಾ? ನಾನು ಕೆಟ್ಟೋಳಲ್ಲ. ಶನಿವಾರ ಬರ್ತೀನಿ. ಬಂದು ನೋಡಿ ಹೇಳ್ತೀನಿ."

ಸಿಟ್ಟು ಮಾಡಿಕೊಳ್ಳಬೇಕೆಂದರೆ ಅವಳ ಮೇಲೆ ಬರುವುದಿಲ್ಲ. ಅದನ್ನೂ ಸೇರಿಸಿ ಮೇಷ್ಟ್ರ ಮೇಲೆಯೇ ಮಾಡಿಕೊಳ್ಳುತ್ತೇನೆ.

(ಇ) ಮೇಷ್ಟ್ರು ಮುಂದಿನ ಸಂಚಿಕೆಯಲ್ಲಿ ಕ್ಷಮೆ ಕೇಳುವುದಾಗಿ ಹೇಳಿದರು. "ಪೇಪರ್‌ನಲ್ಲಿ ಬೇಡ," ಎಂದಳು ಮೇವಿಸ್. "ನಾಳೆ ಕೊಟ್ಟಿಗೆಗೆ ಬನ್ನಿ. ನಾನ್ ಟೀ ಕುಡಿಯೋವಾಗ ನೀವ್ ಮಾತಾಡಿ." ಮೇಷ್ಟ್ರು ಬಂದರು, ಮಾತಾಡಿದರು, ಒಂದೂ ತಪ್ಪಿಲ್ಲದೆ. ಡೆರಿಕ್‌ನ ಕಾಲು ನಿಂತಿತು. "ಯಾರಿದು, ರೇಡಿಯೋನಾ?" ಎಂದು ಕೇಳಿದ. ಮೇವಿಸ್ ಬಿಸಿ ಚಹಾವನ್ನು ಹಾಗೆಯೇ ನುಂಗಿ ಮಾತು ಮುಂದುವರಿಸಬೇಕಾಯಿತು.

(ಈ) ಇಲ್ಲ. ಖಾಲಿ ಬಿಟ್ಟಿದ್ದೇನೆ.

ಇಂದು ಶುಕ್ರವಾರ. ಶನಿವಾರ ಇನ್ನೂ ಬಂದಿಲ್ಲ, ಅದನ್ನು ನಾನು ಬರೆಯುವುದೂ ಇಲ್ಲ. ನೋವಾನ ದೋಣಿ ಮುಗಿದಿದೆ. ಆನೆ ಸೊಟ್ಟಗಿದೆ, ಯಾರು ಮಾಡಿದರೆಂದು ಹೇಳಲಾರೆ. ದಳಗಳನ್ನು ಕೆಳಗಿನಿಂದ ಮೇಲಕ್ಕೆ ಒತ್ತಿದ್ದಾರೆ, ಒಂದು ಕಡೆ ಬಿಟ್ಟು: ಮಂಗಳವಾರ ಮಧ್ಯಾಹ್ನ ಒತ್ತಿದ ಒಂದು ಸಣ್ಣ ಪಟ್ಟಿಯಲ್ಲಿ ಮೇಲಿನ ದಳ ಕೆಳಗಿನದರ ಅಡಿಗೆ ಸೇರಿದೆ. ಮಳೆ ಬಂದರೆ ನೀರು ಒಳಹೊಗುವುದು ಅಲ್ಲಿಂದಲೇ. ಕಿತ್ತರೆ ಮಣ್ಣೂ ಬರುತ್ತದೆಂದು ಹಾಗೆಯೇ ಬಿಟ್ಟಿದ್ದಾರೆ. ಎಲ್ಲರಿಗೂ ಕಾಣುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಮಕ್ಕಳ ಹಲಗೆಗೆ ಮಣ್ಣು ಕಡಿಮೆ ಬಿದ್ದಿದೆ. ಮೂಲೆಯಲ್ಲಿ ಡೆರಿಕ್ ತುಳಿಯುತ್ತಿದ್ದಾನೆ.

ಈಗ ನಿಮಗೆ ಅರ್ಥವಾಗಿರಬೇಕು, ನಾನು ಈ ಕಥೆಯನ್ನು ಮುಗಿಸದಿರುವುದು ಆಧುನಿಕೋತ್ತರ ಠೀವಿಗಾಗಿ ಅಲ್ಲ. ಎಲ್ಲಿ ಮುಗಿಸಿದರೂ ಮೇವಿಸ್‌ಳ ಮಾತು ಅಲ್ಲಿಗೆ ನಿಲ್ಲುತ್ತದೆ. ನಿಂತರೆ ಅವನು ಬಾಗಿಲ ಕಡೆ ನೋಡುತ್ತಾನೆ. ಹಾಗಾಗಿ ಕಡೆಯ ಚುಕ್ಕಿಯನ್ನು ನಾನು ಇಡುವುದಿಲ್ಲ. ಯಾವ ಮೇಷ್ಟ್ರು ಕೆಂಪು ಶಾಯಿಯಲ್ಲಿ ಅದನ್ನು ತುಂಬಲು ಬಂದರೂ ಕೈ ಹಿಡಿಯುತ್ತೇನೆ. ನೀವು ಪುಟ ಮಡಚಿ ಎದ್ದು ಹೋಗಬಹುದು. ಅವಳು ಹೋಗುವಂತಿಲ್ಲ. ಕೇಳಿ, ಹಲಗೆಯ ಮೇಲೆ ಬಗ್ಗಿಕೊಂಡು, ಒಡೆದ ದನಿಯಲ್ಲಿ, ಇನ್ನೂ ಹೇಳುತ್ತಲೇ ಇದ್ದಾಳೆ:

"…ಅಷ್ಟ್ರಲ್ಲಿ ಆ ಎಸ್ಕೇಪ್ ಗೋಟ್ ಇತ್ತಲ್ಲ ಡೆರಿಕ್, ಅದು ಬೇಲಿ ಹಾರಿ, ಪಾದ್ರಿ ತೋಟಕ್ಕೆ ನುಗ್ಗಿ, ಇದ್ದಬದ್ದ ಗುಲಾಬಿ ಎಲ್ಲಾ ತಿಂದು, ತುಳಿ ತುಳಿ, ನಿಲ್ಲಿಸ್ಬೇಡ, ಅಷ್ಟಕ್ಕೂ ಸಾಲ್ದೆ ಮನೆ ಒಳಗೇ ಹೋಗಿ, ಆ ಚೆಸ್ಟರ್ ಡ್ರಾಯರ್ಸ್ ಮೇಲೆ ಹತ್ತಿ ನಿಂತ್ಕೊಂಡು, ಪಾದ್ರಿ ಹೆಂಡ್ತಿ ಬಂದು ದೀಪ ಹಾಕಿ ನೋಡಿದ್ರೆ, ಅಯ್ಯೋ ಆ ಹೆಂಗಸಿನ ಮುಖ ನೀನ್ ನೋಡ್ಬೇಕಿತ್ತು, ನೋಡಿದ್ದೆ ನೀನು, ನೀನೇ ಅಲ್ವಾ ಆಮೇಲೆ ಅದನ್ನ ಇಳ್ಸಿದ್ದು, ಹೂಂ ತುಳಿ, ಇಳ್ಸಿ ಹಗ್ಗ ಹಿಡ್ಕೊಂಡ್ ಬರ್ತಿರೋವಾಗ ದಾರೀಲಿ ನಾನ್ ಸಿಕ್ಕಿ, ನಾನ್ ನಿನಗೇನಂದೆ ಅಂದ್ರೆ